ಚಪ್ಪಾಳೆ ತಟ್ಟಿದ ಕೈ, ಸಹಿ ಹಾಕದ ಕೈ

ಹೋದ ವರ್ಷ ನಮ್ಮ ಸಂಘದ ಮಕ್ಕಳ ಕೂಟದಲ್ಲಿ ‘ಪೂರ್ಣಾ’ ಎಂಬ ಹಿಂದಿ ಚಲನಚಿತ್ರವನ್ನು ಪ್ರದರ್ಶಿಸಲಾಯಿತು. ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ ಅದು ದೂರದ ಕಥೆಯಲ್ಲ. ನಿಜಾಮಾಬಾದ್ ಜಿಲ್ಲೆಯ ಪಾಕಾಲ ಎಂಬ ಹಳ್ಳಿಯ ಬುಡಕಟ್ಟು ಕುಟುಂಬದ ಬಾಲಿಕೆ ಮಾಲಾವತ್ ಪೂರ್ಣಾ, ಸರ್ಕಾರದ ಸಮಾಜ ಕಲ್ಯಾಣ ವಸತಿ ಶಾಲೆಯ ವಿದ್ಯಾರ್ಥಿನಿಯಾಗಿದ್ದಾಗಲೇ, 2014ರ ಮೇ 25ರಂದು ಎವರೆಸ್ಟ್ ಶಿಖರವನ್ನು ಏರಿದಳು. ಆಗ ಆಕೆಗೆ ಹದಿನಾಲ್ಕು ವರ್ಷವೂ ತುಂಬಿರಲಿಲ್ಲ. ರಾಹುಲ್ ಬೋಸ್ ಅವರು ನಿರ್ದೇಶಿಸಿದ ಈ ಚಿತ್ರ 2017ರಲ್ಲಿ ತೆರೆಕಂಡಿತು. ಪ್ರದರ್ಶನ ಮುಗಿದು ದೀಪಗಳು ಹತ್ತಿದಾಗ ಹಲವರ ಕಣ್ಣುಗಳು ಒದ್ದೆಯಾಗಿದ್ದುವು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಮುಂದಿದ್ದೆ.

ಅದಾದ ಎರಡು ವಾರಗಳಿಗೆ, ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಒಂದು ಕಾಗದವನ್ನು ತಂದು ಮುಂದಿಟ್ಟಳು. ಐದು ದಿನಗಳ ಶಿಲಾರೋಹಣ ಶಿಬಿರಕ್ಕೆ ಪಾಲಕರ ಒಪ್ಪಿಗೆ ಬೇಕಿತ್ತು. ಇಪ್ಪತ್ತು ವರ್ಷ ಸಾಲದ ಅರ್ಜಿಗಳನ್ನು ಪರಿಶೀಲಿಸಿದವನಿಗೆ ಜಾಮೀನಿಲ್ಲದ ಕಾಗದಕ್ಕೆ ಸಹಿ ಹಾಕಲು ಕೈಬಾರದು. ನೋಡೋಣವೆಂದು ಮೇಜಿನ ಡ್ರಾಯರಿನಲ್ಲಿ ಇಟ್ಟೆ, ಗಡುವು ಕಳೆಯಿತು. ಮಗಳು ಅಳಲಿಲ್ಲ. ಒಂದೇ ಮಾತು ಕೇಳಿದಳು: “ಮತ್ತ ಅವತ್ತ್ ಚಪ್ಪಾಳಿ ಯಾಕ ಹೊಡದ್ರಿ, ಅಪ್ಪಾ?”

ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ. ಪರರ ಮಕ್ಕಳ ಸಾಹಸವನ್ನು ನಾವು ಕುರ್ಚಿಯಲ್ಲಿ ಕುಳಿತು ಕೊಂಡಾಡುತ್ತೇವೆ. ನಮ್ಮ ಮಕ್ಕಳನ್ನು ಮಾತ್ರ ಅಂಗಳ ದಾಟಗೊಡೆವು. ಇದಕ್ಕೆ ಚಲನಚಿತ್ರದ ಸ್ವಭಾವವೂ ಸ್ವಲ್ಪ ಕಾರಣವೆಂದು ನನಗೆ ತೋರುತ್ತದೆ. ಎರಡು ಗಂಟೆಗೂ ಕಡಿಮೆ ಅವಧಿಯಲ್ಲಿ ಕಥೆ ಮುಗಿಯಬೇಕಾದುದರಿಂದ ನಮ್ಮ ನೆನಪಿನಲ್ಲಿ ಉಳಿಯುವುದು ಪ್ರಪಾತ ಮತ್ತು ಧ್ವಜ, ಎರಡೇ. ನಡುವಣ ದೀರ್ಘ ಸಿದ್ಧತೆ ಮರೆತುಹೋಗುತ್ತದೆ. ಪೂರ್ಣಾ ಮೊದಲು ಹಗ್ಗ ಹಿಡಿದದ್ದು ಹಿಮಾಲಯದಲ್ಲಲ್ಲ, ನಮ್ಮ ನಗರಕ್ಕೆ ಸುಮಾರು 50 ಕಿಲೋಮೀಟರ್ ದೂರದ ಭುವನಗಿರಿಯ ಬಂಡೆಯ ಮೇಲೆ. ಅಲ್ಲಿಂದ ಮುಂದೆ ಡಾರ್ಜಿಲಿಂಗಿನಲ್ಲಿ 1954ರಲ್ಲಿ ಸ್ಥಾಪನೆಯಾದ ಪರ್ವತಾರೋಹಣ ಸಂಸ್ಥೆಯ ತರಬೇತಿ, ಆಮೇಲೆ ಲಡಾಖಿನ ಚಳಿ. ಗಂಟು ಹಾಕುವುದು, ಜೊತೆಯವನ ಹಗ್ಗ ಕಾಯುವುದು, ನಾಯಕನು ಇಳಿ ಎಂದರೆ ಮರುಮಾತಿಲ್ಲದೆ ಇಳಿಯುವುದು, ಇವನ್ನೆಲ್ಲ ಬಂಡೆಯ ಮೇಲೆಯೇ ಕಲಿಯಬೇಕು. ಮಕ್ಕಳಿಗೆ ಅಗತ್ಯವಾದುದು ಈ ಭಾಗವೇ.

ಹಾಗೆಂದು ಹದಿಮೂರರ ಮಕ್ಕಳನ್ನು ಎವರೆಸ್ಟಿಗೆ ಕಳುಹಿಸಿರೆಂದು ನಾನು ಹೇಳುತ್ತಿಲ್ಲ. ಶಿಖರದಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಒಂದು ಪಾಲು ಮಾತ್ರ. ಅದೇ 2014ರ ಏಪ್ರಿಲ್ 18ರಂದು ನೇಪಾಳದ ಕಡೆಯಲ್ಲಿ ಹಿಮಕುಸಿತಕ್ಕೆ ಸಿಲುಕಿ ಹದಿನಾರು ಮಂದಿ ಕೆಲಸಗಾರರು ಪ್ರಾಣ ಕಳೆದುಕೊಂಡರು. ಆ ಕಡೆಯಿಂದ ಹದಿನಾರು ತುಂಬದವರಿಗೆ ಅನುಮತಿಯೇ ಇಲ್ಲ. ಪೂರ್ಣಾ ಏರಿದ್ದು ಟಿಬೆಟ್ಟಿನ ಕಡೆಯಿಂದ. ದಾಖಲೆಗಾಗಿ ವಯಸ್ಸನ್ನು ಇಳಿಸುತ್ತ ಹೋಗುವ ಪೈಪೋಟಿ ನನಗೆ ಒಪ್ಪಿಗೆಯಿಲ್ಲ. ಆದರೆ ಎವರೆಸ್ಟಿಗೂ ನಮ್ಮ ಮನೆಯ ಸೋಫಾಕ್ಕೂ ನಡುವೆ ಎಷ್ಟೊಂದು ಗುಡ್ಡಗಳಿವೆ!

ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು, ಓಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬ್ಯಾಂಕಿನವನ ಅಭ್ಯಾಸ, ನಾನು ಮಗಳ ಒಂದು ವಾರದ ಲೆಕ್ಕ ಬರೆದೆ. ಶಾಲೆಯ ಬಸ್ಸು, ಟ್ಯೂಷನ್ನು, ಲಿಫ್ಟು ಕಳೆದರೆ ದಿನಕ್ಕೆ ಇಪ್ಪತ್ತು ನಿಮಿಷವೂ ಜಮೆಯಾಗಲಿಲ್ಲ. ನನ್ನ ಲೆಕ್ಕ ಬರೆಯುವ ಧೈರ್ಯ ಬರಲಿಲ್ಲ.

ಜನವರಿಯಲ್ಲಿ ನಾಲ್ಕು ಕುಟುಂಬಗಳು ಸೇರಿ ಬೆಳಗಿನ ರೈಲಿನಲ್ಲಿ ಸಿಕಂದರಾಬಾದಿನಿಂದ ಭುವನಗಿರಿಗೆ ಹೋದೆವು. ಸುಮಾರು 500 ಅಡಿ ಎತ್ತರದ ಏಕಶಿಲೆ. ಅದರ ಮೇಲೆ ಕೋಟೆ. ನಮ್ಮವರು ಎದೆಯುಬ್ಬಿಸಿಕೊಳ್ಳಬೇಕಾದ ಒಂದು ಸಂಗತಿಯೂ ಇದೆ: ಆ ಕೋಟೆಯೊಡನೆ ಕೂಡಿ ಬಂದಿರುವ ಹೆಸರು ಕಲ್ಯಾಣದ ಚಾಲುಕ್ಯ ದೊರೆ ತ್ರಿಭುವನಮಲ್ಲ ಆರನೆಯ ವಿಕ್ರಮಾದಿತ್ಯನದು, ಅಂದರೆ ಇಂದಿನ ಬಸವಕಲ್ಯಾಣದಿಂದ ಆಳಿದವನದು. ಎದೆಯುಬ್ಬಿತೇನೋ ನಿಜ, ಅರ್ಧ ದಾರಿಯಲ್ಲಿ ಉಸಿರೂ ಉಬ್ಬಿತು. ನಾನು ಬಂಡೆಯ ಮೇಲೆ ಕುಳಿತುಬಿಟ್ಟೆ. ಮುಂದೆ ಹೋಗಿದ್ದ ಮಗಳು ಹಿಂತಿರುಗಿ ಬಂದು, ನೀರು ಕೊಟ್ಟು, ಕೈಯಲ್ಲಿದ್ದ ಚೀಲವನ್ನು ತೆಗೆದುಕೊಂಡಳು. ಬಿಸಿಲೇರುವ ಮುನ್ನ ಇಳಿಯಬೇಕೆಂದು ಎಚ್ಚರಿಸಿದವಳೂ ಅವಳೇ. ಕೆಳಗೊಂದು ಕಡೆ ಅವಳ ವಯಸ್ಸಿನ ಮಕ್ಕಳು ಹಗ್ಗ ಬಿಗಿದುಕೊಂಡು ಬಂಡೆ ಹತ್ತುತ್ತಿದ್ದರು. ಅವಳು ಬಹಳ ಹೊತ್ತು ನೋಡುತ್ತ ನಿಂತಳು.

ನಮ್ಮ ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ: ಮುಂದೆ ಇಂಥ ಚಿತ್ರವನ್ನು ತೋರಿಸಿದ ದಿನವೇ, ಮುಂದಿನ ಭಾನುವಾರದ ಗುಡ್ಡದ ನಡಿಗೆಗೆ ಬಾಗಿಲಲ್ಲಿ ಹೆಸರು ಬರೆಸಿಕೊಳ್ಳಿರಿ. ಚಪ್ಪಾಳೆಯ ಬಿಸಿ ಆರುವ ಮೊದಲೇ.

ಶಾಲೆಯಿಂದ ಈ ವರ್ಷದ ಕಾಗದ ಬಂದಿದೆ. ತರಬೇತುದಾರರ ಅರ್ಹತೆಯೇನು, ಹಗ್ಗ ಹೆಲ್ಮೆಟ್ಟುಗಳನ್ನು ಪರೀಕ್ಷಿಸುವವರು ಯಾರು, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಕೇಳಿ ಬರೆದೆ. ಮೂರಕ್ಕೂ ಉತ್ತರ ಬಂದ ಸಂಜೆ ಸಹಿ ಹಾಕಿದೆ. ಮನೆಯಾಕೆ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೂ ಬೂಟು ಕೊಳ್ಳಲು ಮಗಳೊಡನೆ ಅಂಗಡಿಗೆ ಹೋಗಿದ್ದಾಳೆ.