ಮಂಡೂಕವೂ ವಿಷಜಲವೂ

ಕಪ್ಪೆಯು ಬಾಯಿಂದ ನೀರು ಕುಡಿಯುವುದಿಲ್ಲವೆಂದರೆ ನಮ್ಮ ವಾಚಕರಲ್ಲಿ ಕೆಲವರು ನಗಬಹುದು. ಬಚ್ಚಲ ಬಳಿಯ ಒದ್ದೆಗಲ್ಲಿಗೆ ಹೊಟ್ಟೆಯನ್ನೊತ್ತಿ ಅದು ಅಲುಗಾಡದೆ ಕುಳಿತಿರುವುದನ್ನು ಗೃಹಿಣಿಯರು ಕಂಡಿರುವರಷ್ಟೆ. ಆಗ ಅದು ನೀರು ಕುಡಿಯುತ್ತಿರುವುದು. ಕಿಬ್ಬೊಟ್ಟೆಯ ಮತ್ತು ತೊಡೆಗಳ ಕೆಳಗಣ ಚರ್ಮವು ಅತಿ ತೆಳುವು. ಅದರ ಹಿಂದೆಯೇ ರಕ್ತನಾಳಗಳು ಬಲೆಯಂತೆ ಹಬ್ಬಿರುವುವು. ಉಸಿರಾಟದಲ್ಲಿಯೂ ಈ ಚರ್ಮಕ್ಕೆ ಪಾಲುಂಟು.

ನೀರಿಗೂ ವಾಯುವಿಗೂ ತೆರೆದ ಬಾಗಿಲು ವಿಷಕ್ಕೆ ಮಾತ್ರ ಮುಚ್ಚಿರುವುದೆಂತು? ಹೊಲಗದ್ದೆಗಳಿಗೆ ಹೊಡೆದ ಕೀಟನಾಶಕವು ಮಳೆಯೊಡನೆ ಹೊಂಡವನ್ನು ಸೇರಿದರೆ ಅಲ್ಲಿಯ ಕಪ್ಪೆಗೆ ಅದನ್ನು ಉಗುಳುವ ಉಪಾಯವಿಲ್ಲ. ಬಾಲವುಳ್ಳ ಮರಿಗೆ, ಎಂದರೆ ಗೊದಮೊಟ್ಟೆಗೆ, ಹೊಂಡವನ್ನು ಬಿಟ್ಟೋಡಲು ಕಾಲೂ ಇಲ್ಲ. ಸಂಕುಚಿತ ಬುದ್ಧಿಯವನನ್ನು ಕೂಪಮಂಡೂಕವೆಂದು ಹಳಿಯುವುದು ನಮ್ಮ ವಾಡಿಕೆ. ಕೂಪದ ನೀರಿನ ಮಟ್ಟಿಗಾದರೋ ಅದಕ್ಕಿಂತ ಬಲ್ಲವರಿಲ್ಲ.

ಒಳಸೇರಿದ ವಿಷವೇನಾಗುವುದು? ಇಂತಹ ದ್ರವ್ಯಗಳಲ್ಲಿ ಅನೇಕವು ಕೊಬ್ಬಿನಲ್ಲಿ ಕರಗುವುವು, ನೀರಿನಲ್ಲಿ ಕರಗವು. ಆದುದರಿಂದ ಮೂತ್ರದೊಡನೆ ಸುಲಭವಾಗಿ ಹೊರಬೀಳವು. ಯಕೃತ್ತಿನ ಕಿಣ್ವಗಳು ಅವುಗಳ ರೂಪವನ್ನು ಬದಲಿಸಿ ನೀರಿನಲ್ಲಿ ಕರಗುವಂತೆ ಮಾಡಬೇಕು. ನಮ್ಮ ದೇಹದಲ್ಲಿಯೂ ಇದೇ ಕ್ರಮ. ಕಪ್ಪೆಯಲ್ಲಿ ಈ ಕಾರ್ಯವು ಸಾಮಾನ್ಯವಾಗಿ ಮಂದ, ಚಳಿಯಲ್ಲಿ ಮತ್ತಷ್ಟು ಮಂದ.

ರೂಪಾಂತರವೆಲ್ಲವೂ ಪರಿಹಾರವೆಂದು ಮಾತ್ರ ತಿಳಿಯಲಾಗದು. ಸೊಳ್ಳೆಗಳ ನಾಶಕ್ಕಾಗಿ ಊರೂರಿಗೆ ಪರಿಚಿತವಾದ ಮ್ಯಾಲಥಿಯಾನನ್ನು ನೋಡಿರಿ. ದೇಹದಲ್ಲಿ ಅದರ ಗಂಧಕದ ಸ್ಥಾನಕ್ಕೆ ಆಮ್ಲಜನಕವು ಬಂದು ನಿಂತರೆ ಮ್ಯಾಲಾಕ್ಸಾನ್ ಎಂಬ ಹೊಸ ದ್ರವ್ಯವಾಗುವುದು. ನರಗಳಿಗೆ ಇದು ಮೂಲಕ್ಕಿಂತ ಬಹುಪಾಲು ಕ್ರೂರ. ದಕ್ಷಿಣ ಕನ್ನಡ, ಕಾಸರಗೋಡುಗಳ ಗೇರುತೋಟಗಳ ಮೇಲೆ ಆಕಾಶದಿಂದ ಸುರಿಸಲ್ಪಟ್ಟು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ನಿಷಿದ್ಧವಾದ ಎಂಡೋಸಲ್ಫಾನಿನ ಕಥೆಯೂ ಹೀಗೆಯೇ. ಅದರಿಂದ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ತಂದೆಗಿಂತ ಸಾಧುವಾದ ಮಗನಲ್ಲ. ಆಯುಸ್ಸು ಮಾತ್ರ ಹೆಚ್ಚು.

ಹೊರಹೋಗದ ಅಂಶವು ಮೇದಸ್ಸಿನಲ್ಲಿ ಅಡಗುವುದು. ಪೂರ್ಣವಾಗಿ ನಾಶವಾಗದೆ ಒಳಗೇ ಉಳಿದು ಕಾಲಾಂತರದಲ್ಲಿ ಕೆರಳುವ ವಿಷಕ್ಕೆ ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ದೂಷೀವಿಷವೆಂದು ಹೆಸರು. ನಮ್ಮ ಹಿರಿಯರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಸಾಧಿಸುವ ಚಪಲ ನನಗಿಲ್ಲ. ಹೆಸರು ಮಾತ್ರ ಇಲ್ಲಿಗೆ ಚೆನ್ನಾಗಿ ಒಪ್ಪುವುದು. ಕಪ್ಪೆಯ ಒಡಲಲ್ಲಿ ಜನನಗ್ರಂಥಿಗಳ ಬಳಿ ಬೆರಳುಗಳಂತಹ ಹಳದಿಯ ಕೊಬ್ಬಿನ ಗೊಂಚಲುಗಳುಂಟು. ಉಪವಾಸದ ತಿಂಗಳುಗಳಿಗೂ ಮೊಟ್ಟೆಗಳ ಪೋಷಣೆಗೂ ಅದೇ ಬುತ್ತಿ. ಆ ಬುತ್ತಿಯು ಕರಗಿದಾಗ ಅಡಗಿದ್ದ ವಿಷವು ಮರಳಿ ರಕ್ತಕ್ಕಿಳಿಯುವುದು. ಒಂದಂಶವು ಮೊಟ್ಟೆಗಳನ್ನೂ ಸೇರಬಹುದು.

ಪ್ರತಿಯೊಂದು ಸಲವೂ ದೋಷವು ಚೀಟಿಯಲ್ಲಿ ದಪ್ಪಕ್ಷರದಿಂದ ಬರೆದ ವಿಷದ್ದೇ ಆಗಿರುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ರಿಕ್ ರೆಲಿಯಾ ಎಂಬ ವಿದ್ವಾಂಸರು 2005ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ರೌಂಡಪ್ ಎಂಬ ಕಳೆನಾಶಕವನ್ನು ಹಾಕಿದ ತೊಟ್ಟಿಗಳ ಗೊದಮೊಟ್ಟೆಗಳು ಮೂರು ವಾರಗಳೊಳಗೆ ನೂರಕ್ಕೆ 96ರಿಂದ 100ರವರೆಗೆ ಸತ್ತುವು. ಇಲ್ಲಿ ಕಳೆಯನ್ನು ಕೊಲ್ಲುವ ಗ್ಲೈಫೊಸೇಟಿಗಿಂತ, ಅದು ಎಲೆಗೆ ಅಂಟಲೆಂದು ಬೆರೆಸಿದ ಸಾಬೂನಿನಂತಹ ದ್ರವ್ಯವೇ ಹೆಚ್ಚು ಘಾತುಕವೆಂದು ಕಂಡುಬಂದಿತು. ಅದು ಕಿವಿರುಗಳ ತೆಳುಪೊರೆಯನ್ನೇ ಕೆಡಿಸುವುದು.

ತೋಟವುಳ್ಳ ಗೃಹಸ್ಥರು ಮಳೆಯ ಮೋಡ ಕವಿದ ದಿನ ಔಷಧಿ ಹೊಡೆಯಿಸಬಾರದು. ಡಬ್ಬಿಯನ್ನು ಕೆರೆಯಂಚಿನಲ್ಲಿ ತೊಳೆಯಗೊಡದೆ, ತೊಳೆದ ನೀರನ್ನು ಸಿಂಪಡಿಸುವ ಪಾತ್ರೆಗೇ ಮರಳಿ ಹಾಕಿಸಿ ಹೊಲದ ಮೇಲೆಯೇ ಮುಗಿಸಿಬಿಡತಕ್ಕದ್ದು.