ಏಣಿ ಮೂರನೇ ತರಗತಿಗೇ ಯಾಕೆ ಮುಗಿಯಬೇಕು?

ನಮ್ಮ ಕಾಲೇಜಿನಲ್ಲಿ ಸರ್ಕಾರಿ ಶಾಲೆಯಿಂದ ಬಂದವರೇ ಜಾಸ್ತಿ. ಹಾಗಾಗಿ ನಲಿ-ಕಲಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂರುವುದು, ಕಾರ್ಡು ಹುಡುಕುವುದು, ಕಲಿಕಾ ಏಣಿಯಲ್ಲಿ ನಮ್ಮ ಮೆಟ್ಟಿಲು ಎಲ್ಲಿದೆ ಅಂತ ನೋಡುವುದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿತು. ಅದರಲ್ಲಿ ನನಗೆ ಇಷ್ಟವಾದದ್ದು ಒಂದೇ ಸಂಗತಿ. ಒಂದು ಮೆಟ್ಟಿಲು ಮುಗಿಸಿದ ಮಗು ಪಕ್ಕದವರಿಗಾಗಿ ಕಾಯಬೇಕಿಲ್ಲ, ಮುಂದಿನ ಕಾರ್ಡು ತೆಗೆದುಕೊಳ್ಳಬಹುದು. ನಿಧಾನಕ್ಕೆ ಕಲಿಯುವ ಮಗುವನ್ನೂ ಯಾರೂ ದರದರ ಎಳೆದುಕೊಂಡು ಹೋಗುವುದಿಲ್ಲ.

ನಾಲ್ಕನೇ ತರಗತಿಗೆ ಕಾಲಿಟ್ಟ ದಿನ ಆ ಏಣಿ ಇಲ್ಲ. ಎಲ್ಲರಿಗೂ ಒಂದೇ ಪುಟ, ಒಂದೇ ಲೆಕ್ಕ. ಬೇರೆ ವಿಷಯಗಳಲ್ಲಿ ಇದು ಹೇಗೋ ನಡೆಯುತ್ತದೆ. ಗಣಿತದಲ್ಲಿ ನಡೆಯುವುದಿಲ್ಲ, ಯಾಕೆಂದರೆ ಆರನೇ ತರಗತಿಗೆ ಬರುವ ಹೊತ್ತಿಗೆ ಒಂದೇ ಕೋಣೆಯಲ್ಲಿ ಭಾಗಾಕಾರ ಬಾರದವರೂ ಇರುತ್ತಾರೆ, ಏಳನೇ ತರಗತಿಯ ಸರಳ ಸಮೀಕರಣ ಬಿಡಿಸುವವರೂ ಇರುತ್ತಾರೆ.

ನನ್ನ ಖಾಲಾನ ಮಗಳು ಎರಡನೇ ಸಾಲಿನವಳು. ಖಾಲು ಸಂತೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮಾರುತ್ತಾರೆ. ನಮ್ಮ ಮನೆಗಳ ಮಾತಿನಲ್ಲಿ ಸವಾ, ಡೇಢ್, ಅಢಾಯಿ, ಪೌನೆ ದೋ ದಿನಾ ಓಡಾಡುವ ಪದಗಳು. ಒಂದೂಕಾಲು, ಒಂದೂವರೆ, ಎರಡೂವರೆ, ಒಂದೂಮುಕ್ಕಾಲು ಅಂತ. ಹೀಗಾಗಿ ಭಿನ್ನರಾಶಿ ಅವಳಿಗೆ ಪುಸ್ತಕಕ್ಕಿಂತ ಮೊದಲೇ ತಕ್ಕಡಿಯಲ್ಲಿ ಬಂತು. ತರಗತಿಯಲ್ಲಿ ಅವಳು ಲೆಕ್ಕ ಬೇಗ ಮುಗಿಸುತ್ತಾಳೆ. ಮುಗಿಸಿದರೆ ಏನು? 'ಉಳಿದವರದ್ದು ನೋಡು', 'ಆಫೀಸಿಂದ ಸೀಮೆಸುಣ್ಣ ತಗೊಂಡು ಬಾ'. ಇನ್ನೊಬ್ಬರಿಗೆ ಹೇಳಿಕೊಡುವುದು ಒಳ್ಳೆಯದೇ, ಹೇಳಿಕೊಡುತ್ತಾ ನಾವೂ ಕಲಿಯುತ್ತೇವೆ. ಆದರೆ ವರ್ಷಪೂರ್ತಿ ಅದೇ ಆದರೆ ಆ ಮಗು ಹೊಸದಾಗಿ ಕಲಿತದ್ದು ಏನು?

ಜಾಣ ಮಕ್ಕಳಿಗೆ ನವೋದಯ ಇದೆಯಲ್ಲ, ಮೊರಾರ್ಜಿ ಇದೆಯಲ್ಲ, ಆದರ್ಶ ವಿದ್ಯಾಲಯ ಇದೆಯಲ್ಲ ಅಂತ ಹಿರಿಯರು ಹೇಳುತ್ತಾರೆ. ಇವೆ. ನಾನು ಕಾಮರ್ಸ್ ವಿದ್ಯಾರ್ಥಿ, ಸ್ವಲ್ಪ ಲೆಕ್ಕ ಹಾಕುತ್ತೇನೆ. ಒಂದು ನವೋದಯದಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಕೂಡ್ಲಿಗಿ ತಾಲ್ಲೂಕಿನ ಚಿಕ್ಕಜೋಗಿಹಳ್ಳಿಯ ನವೋದಯದ ಸೀಟುಗಳನ್ನೆಲ್ಲ ನಮ್ಮ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಿಗೇ ಸಮನಾಗಿ ಹಂಚಿದರೂ ತಾಲ್ಲೂಕಿಗೆ 13 ಬರುತ್ತದೆ, ಎರಡು ಮಿಗುತ್ತದೆ. ಹರಪನಹಳ್ಳಿ ತಾಲ್ಲೂಕಿನ ಹಳ್ಳಿಗಳನ್ನು ಎಣಿಸಿ ನೋಡಿ. ಅದೂ ಒಂದೇ ಪರೀಕ್ಷೆ, ಒಂದೇ ಅವಕಾಶ. ಆ ದಿನ ಜ್ವರ ಬಂದರೆ ಮುಗಿಯಿತು.

ಇನ್ನೊಂದು ಮಾತನ್ನು ನಮ್ಮ ಮನೆಗಳಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ಸೀಟು ಬಂದರೂ ಹುಡುಗಿಯನ್ನು ಹಾಸ್ಟೆಲಿಗೆ ಕಳಿಸದ ಮನೆಗಳಿವೆ. ಖಾಲಾನ ಮಗಳಿಗೆ ವಸತಿ ಶಾಲೆಯ ಸೀಟು ಬಂದಿತ್ತು. ಮನೆಯಲ್ಲಿ ಎರಡು ದಿನ ಚರ್ಚೆ ನಡೆಯಿತು, ಕಳಿಸಲಿಲ್ಲ. ಹತ್ತು ವರ್ಷದ ಮಗಳನ್ನು ದೂರ ಇಡಲು ಒಪ್ಪದ ತಾಯಿಯನ್ನು ಬೈಯುವುದು ಸುಲಭ, ನಾನು ಬೈಯುವುದಿಲ್ಲ. ನನ್ನ ಪ್ರಶ್ನೆ ಬೇರೆ. ಗಣಿತದಲ್ಲಿ ಮುಂದೆ ಹೋಗಬೇಕಾದರೆ ಊರು ಬಿಡಲೇಬೇಕು ಅನ್ನುವ ಷರತ್ತು ಯಾಕೆ?

ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ನಮ್ಮಂಥ ಮನೆಗೆ ಅದು ದೊಡ್ಡ ಮೊತ್ತ. ಆದರೆ ಅದು ದುಡ್ಡು ಕೊಡುತ್ತದೆ, ಗಣಿತ ಕೊಡುವುದಿಲ್ಲ.

ನಾನು ಕೇಳುತ್ತಿರುವುದಕ್ಕೆ ಹೊಸ ಕಟ್ಟಡ ಬೇಡ. ಜೂನ್‌ನಲ್ಲಿ ಶಾಲೆ ಶುರುವಾದಾಗ ಸೇತುಬಂಧ ಮಾಡುತ್ತಾರೆ. ಮೊದಲು ಪೂರ್ವ ಪರೀಕ್ಷೆ, ಆಮೇಲೆ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಪೂರ್ವ ಪರೀಕ್ಷೆಯಲ್ಲಿ ಎಲ್ಲ ಲೆಕ್ಕ ಸರಿ ಮಾಡಿದ ಮಗುವೂ ಗೊತ್ತಿದ್ದದ್ದನ್ನೇ ಮತ್ತೆ ಕೇಳುತ್ತಾ ಕೂರುತ್ತದೆ. ಆ ಮಗುವಿಗೆ ಅದೇ ವಾರ ಇನ್ನೊಂದು ಪೇಪರ್ ಕೊಡಿ, ಈಗ ಸೇರಿದ ತರಗತಿಯ ವಾರ್ಷಿಕ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ. ಅದನ್ನೂ ಚೆನ್ನಾಗಿ ಮಾಡಿದರೆ ಗಣಿತದ ಒಂದು ಅವಧಿಗೆ ಮಾತ್ರ ಮೇಲಿನ ತರಗತಿಯಲ್ಲಿ ಕೂರಿಸಿ. ಉಳಿದೆಲ್ಲ ಪಾಠ ತನ್ನ ಗೆಳತಿಯರ ಜೊತೆಗೇ. ನಮ್ಮ ದಾದಾ ಕಾಲದ ಡಬಲ್ ಪ್ರಮೋಷನ್ ಅಲ್ಲ ಇದು. ಮಗು ತರಗತಿ ಹಾರುವುದಿಲ್ಲ, ಒಂದು ವಿಷಯದಲ್ಲಿ ಕೋಣೆ ಬದಲಿಸುತ್ತದೆ.

ತೊಡಕು ಇದೆ. ಏಳನೆಯವರಿಗೆ ಗಣಿತ ನಡೆಯುವಾಗ ಆರನೆಯವರಿಗೆ ಹಿಂದಿಯೋ ಸಮಾಜವೋ ನಡೆಯುತ್ತಿರುತ್ತದೆ, ಅದು ತಪ್ಪಿಹೋಗುತ್ತದೆ. ಆದರೆ ಆರನೆಯವರ ಗಣಿತದ ಅವಧಿ ಆ ಮಗುವಿಗೆ ಖಾಲಿ ತಾನೆ? ತಪ್ಪಿದ ಪಾಠ ಆಗ ಓದಿಕೊಳ್ಳಲಿ. ಏಳಕ್ಕೇ ಮುಗಿಯುವ ಶಾಲೆಯಲ್ಲಿ ಏಳನೆಯವರು ಎಲ್ಲಿಗೆ ಹೋಗಬೇಕು? ಊರಲ್ಲಿ ಹೈಸ್ಕೂಲ್ ಇದ್ದರೆ ಅಲ್ಲಿಗೆ, ಇಲ್ಲದಿದ್ದರೆ ಎಂಟನೇ ತರಗತಿಯ ಹಳೆಯ ಪುಸ್ತಕವಾದರೂ ಕೈಗೆ ಸಿಗಲಿ.

ಇದಕ್ಕೆ ಕಾನೂನು ಅಡ್ಡ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಪ್ರಕಾರ ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ನೋಡಿ, ಅಗತ್ಯವಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚುವರಿ ಬೋಧನೆ ಕೊಡುವುದು ಶಿಕ್ಷಕರ ಕರ್ತವ್ಯ. ಪ್ರತಿ ಮಗು ಅಂತ ಇದೆ, ಹಿಂದುಳಿದ ಮಗು ಅಂತ ಇಲ್ಲ. ನಾವು ಮಾತ್ರ ಅರ್ಧ ಓದಿಕೊಂಡಿದ್ದೇವೆ.

ಭಾಗಾಕಾರವೇ ಬಾರದವರು ಅಷ್ಟು ಜನ ಇರುವಾಗ ಬರುವವರ ಚಿಂತೆ ಯಾಕೆ ಅಂತ ನಮ್ಮ ಲೆಕ್ಚರರ್ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲೂ ಹೀಗೇ ಯೋಚಿಸಿದರು. ಮುಂದುವರಿದ ಗಣಿತದ ತರಗತಿಗಳಲ್ಲಿ ಬಡವರ, ಕಪ್ಪು ಜನರ ಮಕ್ಕಳು ಕಡಿಮೆ ಇದ್ದಾರೆ ಅಂತ 2014ರಲ್ಲಿ ಸರ್ಕಾರಿ ಶಾಲೆಗಳ ಎಂಟನೇ ತರಗತಿಯಿಂದ ಬೀಜಗಣಿತವನ್ನೇ ತೆಗೆದು ಎಲ್ಲರಿಗೂ ಒಂಬತ್ತಕ್ಕೆ ಇಟ್ಟರು. ದುಡ್ಡಿದ್ದವರು ಹೊರಗೆ ಫೀಸು ಕಟ್ಟಿ ಮಕ್ಕಳಿಗೆ ಕಲಿಸಿದರು. ದುಡ್ಡಿಲ್ಲದ ಜಾಣರು ಕಾದರು. ಹತ್ತು ವರ್ಷದ ಮೇಲೆ, 2024ರಲ್ಲಿ, ಅದನ್ನು ವಾಪಸ್ ತರಲು ಅಲ್ಲಿಯ ಶಾಲಾ ಮಂಡಳಿ ತೀರ್ಮಾನ ಮಾಡಿತು. ನಮ್ಮಲ್ಲೂ ಹಾಗೇ ಅಲ್ಲವೆ? ಹರಪನಹಳ್ಳಿ, ದಾವಣಗೆರೆಯಲ್ಲಿ ಟ್ಯೂಷನ್‌ಗೆ ಹೋಗುವವರು ಹೋಗುತ್ತಲೇ ಇದ್ದಾರೆ. ಸರ್ಕಾರಿ ಶಾಲೆ ಕೊಡದಿದ್ದರೆ ಸಮಾನತೆ ಬರುವುದಿಲ್ಲ, ಟ್ಯೂಷನ್ ಫೀಸು ಕಟ್ಟುವವರಿಗಷ್ಟೇ ದಾರಿ ಉಳಿಯುತ್ತದೆ.

ಹಾಗಂತ ಆಯ್ಕೆಯನ್ನು ಯಾರ ಕೈಯಲ್ಲಿ ಬಿಡುತ್ತೇವೆ ಅನ್ನುವುದು ಮುಖ್ಯ. ಪೋಷಕರು ಬಂದು ಕೇಳಿದರೆ ಕೊಡುತ್ತೇವೆ ಅಂದರೆ ಕೇಳಲು ಬರುವವರು ಯಾರು? ಮೇಷ್ಟ್ರ ಮಗ, ಅಂಗಡಿ ಸಾಹುಕಾರರ ಮಗ. ಸಂತೆಯಲ್ಲಿ ಈರುಳ್ಳಿ ಮಾರುವ ನಮ್ಮ ಖಾಲು ಶಾಲೆಯ ಆಫೀಸ್ ಕೋಣೆಯ ಬಾಗಿಲು ದಾಟುವುದಿಲ್ಲ, ಕನ್ನಡದಲ್ಲಿ ಅರ್ಜಿ ಬರೆಯುವುದಂತೂ ದೂರ. ಟೆಕ್ಸಾಸ್ ರಾಜ್ಯ 2023ರಲ್ಲಿ ಮಾಡಿದ ಕಾನೂನು ಇಲ್ಲಿ ನೆನಪಿಡಬೇಕು. ಐದನೇ ತರಗತಿಯ ರಾಜ್ಯ ಪರೀಕ್ಷೆಯಲ್ಲಿ ಗಣಿತದ ಅಂಕ ಮೇಲಿನ ಶೇ 40ರೊಳಗೆ ಇದ್ದರೆ ಮಗು ಆರನೇ ತರಗತಿಯ ಮುಂದುವರಿದ ಗಣಿತಕ್ಕೆ ತಾನಾಗಿಯೇ ಸೇರುತ್ತದೆ. ಬೇಡ ಅನ್ನುವ ಪೋಷಕರು ಹೇಳಬೇಕು, ಬೇಕು ಅನ್ನುವವರು ಕೇಳಬೇಕಿಲ್ಲ. ಸೇತುಬಂಧದ ಅಂಕಪಟ್ಟಿ ನಮ್ಮ ಶಾಲೆಗಳಲ್ಲೂ ಇದೇ ಕೆಲಸ ಮಾಡಬಹುದು. ಪ್ರತಿ ವರ್ಷ ಹೊಸದಾಗಿ ನೋಡಲಿ. ಈ ವರ್ಷ ಹಿಂದಿದ್ದವನು ಮುಂದಿನ ಜೂನ್‌ಗೆ ಮುಂದೆ ಬರಬಹುದು, ಅವನಿಗೂ ಬಾಗಿಲು ತೆರೆದಿರಲಿ.

ನಮ್ಮ ಕಾಮರ್ಸ್ ವಿಭಾಗದಲ್ಲಿ ಬೇಸಿಕ್ ಮ್ಯಾಥ್ಸ್ ಅಂದರೆ ಓಡುವವರನ್ನು ಎಲ್ಲರೂ ನೋಡಿದ್ದೀರಿ. ಸಿಎ ಆಗಬೇಕು ಅಂತ ಸ್ಟೇಟಸ್ ಹಾಕುವವರಲ್ಲಿ ಎಷ್ಟು ಜನರಿಗೆ ಸಿಎ ಫೌಂಡೇಶನ್‌ನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಇರುವ 100 ಅಂಕದ ಪೇಪರ್ ಒಂದಿದೆ ಅಂತ ಗೊತ್ತು? ಹತ್ತನೇ ತರಗತಿ ಮುಗಿಸಿ ಇಲ್ಲಿಗೆ ಬರುವಾಗ ಗಣಿತ ನಮ್ಮದಲ್ಲ ಅಂತ ಅನೇಕರು ತೀರ್ಮಾನಿಸಿಯೇ ಬಂದಿರುತ್ತಾರೆ. ಅವರಲ್ಲಿ ಕೆಲವರಾದರೂ ಆರನೇ ತರಗತಿಯಲ್ಲಿ ಸೀಮೆಸುಣ್ಣ ತರಲು ಹೋದವರು ಅಂತ ನನ್ನ ಅನುಮಾನ.

ನಮ್ಮೆಲ್ಲರ ತಮ್ಮಂದಿರು, ತಂಗಿಯರು ನೀಲಗುಂದ ಮತ್ತು ಸುತ್ತಲಿನ ಸರ್ಕಾರಿ ಶಾಲೆಗಳಲ್ಲಿ ಓದುತ್ತಿದ್ದಾರೆ. ಆ ಶಾಲೆಗಳ ಎಸ್‌ಡಿಎಂಸಿಯಲ್ಲಿ ನಮ್ಮ ಅಬ್ಬಾ-ಅಮ್ಮಿಯರೇ, ಅಕ್ಕಪಕ್ಕದ ಮನೆಯವರೇ ಸದಸ್ಯರು. ಮುಂದಿನ ಸಭೆಗೆ ಹೋಗುವವರ ಕೈಗೆ ಒಂದು ಚೀಟಿ ಬರೆದುಕೊಡಿ: ಸೇತುಬಂಧದ ಗಣಿತ ಪೂರ್ವ ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆದ ಮಕ್ಕಳು ಎಷ್ಟು, ಅವರಿಗೆ ಆಮೇಲೆ ಏನು ಕಲಿಸಿದಿರಿ?