ರಾಕ್ಷಸ ಯಾಕ ಕರ್ರಗ?

ನಮ್ಮ ಹಾಸ್ಟೆಲ್ಲಿನ ಪುಸ್ತಕದ ಬೀರುವಿಗೆ ಬೀಗ. ಸಾಹೇಬರು ತಪಾಸಣೆಗೆ ಬಂದಾಗಷ್ಟೇ ತೆರೀತಿದ್ರು. ಒಳಗೆ ರಾಜಕುಮಾರರ ಕತೆಗಳು. ರಾಜಕುಮಾರ ಬೆಳ್ಳಗೆ, ರಾಕ್ಷಸ ಕರ್ರಗೆ. ರಾಕ್ಷಸ ಸತ್ತಾಗ ಚಪ್ಪಾಳೆ ತಟ್ಟಿದೆವು. ಸತ್ತವನ ಬಣ್ಣ ನಮ್ಮಪ್ಪನ ಬಣ್ಣವೇ ಎಂಬುದು ಹೊಳೆಯಲಿಲ್ಲ.

ಈಗ ನಾವು ಡಿಗ್ರಿಯವರು, ಮನೆತನದಾಗ ಮೊದಲನೇರು. ಕೇರಿಯ ಹುಡುಗರು ಕೇಳ್ತಾವೆ, 'ಅಣ್ಣಾ, ರಾಕೆಟ್ಟಿಂದು, ಮಾಟಮಂತ್ರದ್ದು ಏನರ ಓದಾಕ ಕೊಡು.' ನಮ್ಮ ಗೆಳೆಯರೇ ಗದರುತ್ತಾರೆ: ಹಸಿದ ಹೊಟ್ಟೆಗೆ ರಾಕೆಟ್ಟು ಯಾಕ? ಇದು ಪಲಾಯನ! ನಾವು ಒಪ್ಪುವುದಿಲ್ಲ. ಹೊಲ ಹೋಯಿತು, ಕನಸನ್ನೂ ಸಾಹುಕಾರರಿಗೇ ಬಿಡಬೇಕೇನು? ಸಿಂಧನೂರಿನ ಗದ್ದೆಯಲ್ಲಿ ದಿನವೆಲ್ಲ ಸಸಿ ಹಚ್ಚಿದ ಹುಡುಗಿಗೆ ಮುಗಿಲ ಕಡೆ ನೋಡುವ ಹಕ್ಕಿಲ್ಲವೇ?

ಎಚ್.ಜಿ. ವೆಲ್ಸ್ 1895ರಲ್ಲಿ 'ದಿ ಟೈಮ್ ಮಷೀನ್' ಬರೆದ. ಎಂಟು ಲಕ್ಷ ವರ್ಷಗಳಾಚೆ ಮನುಷ್ಯಕುಲ ಇಬ್ಭಾಗವಾಗಿದೆ. ಮೇಲೆ ಬಿಸಿಲಲ್ಲಿ ಆಡಿಕೊಂಡಿರುವ ನಾಜೂಕಿನವರು. ನೆಲದಡಿ ಯಂತ್ರ ನಡೆಸುವವರು, ರಾತ್ರಿ ಮೇಲೆ ಬಂದು ಆ ನಾಜೂಕಿನವರನ್ನೇ ತಿನ್ನುವವರು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಗೆ ಅಪ್ಪ ಇಳಿಯುವ ಹುಡುಗನೊಬ್ಬನಿಗೆ ಇದನ್ನು ನಮ್ಮ ಮಾತಿನಾಗ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, 'ಕೆಳಗ ದುಡಿಯೋರೇ ಯಾಕ ದೆವ್ವ ಆದ್ರಣ್ಣಾ?' ಅಂದ. ಮಾಲೀಕ-ಕೂಲಿಯ ನಡುವಿನ ಕಂದಕ ಬೆಳೆದು ಹೀಗಾಯಿತೆಂದು ವೆಲ್ಸ್ ಕಾರಣವನ್ನೇನೋ ಕೊಡುತ್ತಾನೆ. ಆದರೆ ಅವನ ಅಂಜಿಕೆ ಮೇಲಿನವರ ಅಂಜಿಕೆ. ಗಣಿ ಹುಡುಗ ಅದನ್ನು ಒಂದೇ ಮಾತಿಗೆ ಹಿಡಿದ. ಇದೇನ್ರೀ ಪಲಾಯನ?

ಬೇಗಂ ರೊಕೆಯಾ 1905ರಲ್ಲಿ ಬರೆದ 'ಸುಲ್ತಾನಾಸ್ ಡ್ರೀಮ್' ಹೇಳ್ರಿ. ಅಲ್ಲಿ ಗಂಡಸರು ಒಳಗೆ, ಹೆಂಗಸರು ರಾಜ್ಯದಲ್ಲಿ. ಮುಗಿಲಿನಿಂದಲೇ ನೀರು ಎಳೆದುಕೊಳ್ಳುತ್ತಾರೆ. ಎಡದಂಡೆ ಕಾಲುವೆಯ ಕೊನೆಭಾಗದ ನಮ್ಮ ತಂಗಿಯರು ನಗುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ. ಮನೆಗೆಲಸದಾಕೆಯ ಮಗಳು, ಕರಿಯ ಲೇಖಕಿ ಆಕ್ಟೇವಿಯಾ ಬಟ್ಲರ್ ಬರೆದ 'ಕಿಂಡ್ರೆಡ್' (1979) ಸ್ವಲ್ಪ ದೊಡ್ಡವರಿಗೆ. 1976ರ ಹೆಣ್ಣುಮಗಳೊಬ್ಬಳು ಗುಲಾಮಗಿರಿಯ ಕಾಲಕ್ಕೆ ಎಳೆದೊಯ್ಯಲ್ಪಡುತ್ತಾಳೆ. ನಮಗೆ ಹಾಗೆ ಹಿಂದಕ್ಕೆ ಹೋಗಲು ಯಂತ್ರ ಬೇಡ, ಕೆಲವು ಊರುಗಳ ಹೋಟೆಲ್ಲಿಗೆ ಹೋದರೆ ಸಾಕು!

ನಮ್ಮವರದ್ದೂ ಇದೆ. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ದೀಪದ ಜೋತಮ್ಮಂದಿರು ರಾತ್ರಿ ಕೂಡಿ ಮಾತಾಡುತ್ತಾರೆ. ಅದನ್ನು ಪಲಾಯನ ಅನ್ನುವ ಎದೆಗಾರಿಕೆ ಯಾರಿಗಿದೆ?

ಮಸ್ಕಿಯ ಬಂಡೆ ನೋಡಿದ್ದೀರಾ? 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ. ದೇವರುಗಳು ಮನುಷ್ಯರೊಡನೆ ಬೆರೆತರು, ದೊಡ್ಡವರಿಗಷ್ಟೇ ಅಲ್ಲ ಚಿಕ್ಕವರಿಗೂ ಎಟುಕುತ್ತದೆ ಎಂದು ಅದರಲ್ಲಿ ಕೆತ್ತಿದ್ದಾರೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಓದಿಸಿರಿ.

ಮೊನ್ನೆ ಆ ಹಾಸ್ಟೆಲ್ಲಿಗೆ ಹೋಗಿದ್ದೆವು. ಬೀಗ ಹಂಗೇ ಐತಿ. ಚಾವಿ ಯಾರ ಹತ್ರ ಐತ್ರೀ?